ಜೋಕುಮಾರ ಬರುವ ಮುನ್ನ

ಹಬ್ಬವನ್ನು ನೋಡುವುದು ಬೇರೆ, ಹಬ್ಬದ ಸಿದ್ಧತೆಯನ್ನು ನೋಡುವುದು ಬೇರೆ. ಹಬ್ಬದ ದಿನ ದೇವರು ಸಿಂಗಾರಗೊಂಡು ನಿಂತಿರುತ್ತಾನೆ. ನಾವು ಕೈಮುಗಿದು ಪ್ರಸಾದ ಪಡೆದು ಹಿಂತಿರುಗುತ್ತೇವೆ. ಸಿದ್ಧತೆಯ ದಿನಗಳಲ್ಲಾದರೆ ದೇವರು ಇನ್ನೂ ಮಣ್ಣಾಗಿರುತ್ತಾನೆ. ಆ ಮಣ್ಣನ್ನು ಯಾರು ತಂದರು, ಯಾರು ಮಿದಿದರು, ಯಾವ ಮನೆಯ ಬೆಣ್ಣೆ, ಯಾವ ಮನೆಯ ಜೋಳ, ಯಾರ ಕೊರಳಿನ ಹಾಡು ಎಂಬುದೆಲ್ಲ ಆಗ ಬಿಡಿಬಿಡಿಯಾಗಿ ಕಾಣುತ್ತದೆ. ಒಂದು ಊರು ತನ್ನನ್ನು ತಾನು ಹೇಗೆ ಕಟ್ಟಿಕೊಂಡಿದೆ ಎಂದು ತಿಳಿಯಬೇಕಾದವರು ಹಬ್ಬಕ್ಕೆ ನಾಲ್ಕು ದಿನ ಮುಂಚೆಯೇ ಅಲ್ಲಿಗೆ ಹೋಗಬೇಕು.

ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಹಳ್ಳಿಗಳಲ್ಲಿ ಭಾದ್ರಪದ ಮಾಸದ ಶುಕ್ಲಪಕ್ಷದಲ್ಲಿ ನಾನು ಹೀಗೆ ತಿರುಗಾಡಿದ್ದೇನೆ. ಹಿಂದೆ ಗೋಕಾಕ ತಾಲೂಕಿನ ಭಾಗವಾಗಿದ್ದ ಮೂಡಲಗಿ ಈಗ ತಾನೇ ಒಂದು ತಾಲೂಕು. ಸಹ್ಯಾದ್ರಿಯಲ್ಲಿ ಹುಟ್ಟಿದ ಘಟಪ್ರಭೆ ಈ ಸೀಮೆಗೆ ನೀರುಣಿಸುತ್ತಾಳೆ. ಗೋಕಾಕದ ಬಳಿ ಸುಮಾರು 170 ಅಡಿ ಕೆಳಗೆ ಧುಮುಕುತ್ತಾಳೆ. ನದಿಯ ದಂಡೆಗೆ ಕಬ್ಬು, ಅದರಾಚೆಗೆ ಎರೆಹೊಲ, ಮೇಲೆ ಕಲ್ಲುಗುಡ್ಡ. ಒಂದೇ ಊರಿನಲ್ಲಿ ನೀರುಂಡ ಹೊಲವೂ ಉಂಟು, ಆಕಾಶ ನೋಡುತ್ತ ಬಾಯಾರಿದ ಹೊಲವೂ ಉಂಟು. ಇಲ್ಲಿ ಗಣಪತಿಯ ಬೆನ್ನಹಿಂದೆ ಇನ್ನೊಬ್ಬ ದೇವರು ಬರುತ್ತಾನೆ. ಅವನ ಹೆಸರು ಜೋಕುಮಾರ. ನಾನು ಇಂದು ಹೇಳಬೇಕೆಂದಿರುವುದು ಅವನು ಬರುವ ಮುನ್ನ ನಡೆಯುವ ಸಿದ್ಧತೆಯನ್ನು ಕುರಿತು.

ಉತ್ತರ ಕರ್ನಾಟಕದ ಒಕ್ಕಲುಮಕ್ಕಳಿಗೆ ಮಳೆಗಾಲವೆಂದರೆ ಮಣ್ಣಿನ ಪೂಜೆಯ ಕಾಲ. ಕಾರಹುಣ್ಣಿಮೆ ಕಳೆದು ಬರುವ ಅಮಾವಾಸ್ಯೆಗೆ ಮಣ್ಣಿನ ಎತ್ತು ಮಾಡುತ್ತಾರೆ. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವನನ್ನು ಕೂಡಿಸುತ್ತಾರೆ. ಶ್ರಾವಣದ ಪಂಚಮಿಗೆ ಮಣ್ಣಿನ ನಾಗಪ್ಪ, ಭಾದ್ರಪದದ ಚೌತಿಗೆ ಮಣ್ಣಿನ ಗಣಪ್ಪ, ಅಷ್ಟಮಿಗೆ ಮಣ್ಣಿನ ಜೋಕುಮಾರ. ಹೀಗೆ ಐದು ಸಲ ಮಣ್ಣು ದೇವರಾಗುತ್ತದೆ, ಐದು ಸಲವೂ ಮರಳಿ ಮಣ್ಣಾಗುತ್ತದೆ. ಬಿತ್ತನೆಯಿಂದ ತೆನೆಯವರೆಗಿನ ಕಾಲವನ್ನು ನಮ್ಮ ಹಿರಿಯರು ಪಂಚಾಂಗದಲ್ಲಿ ಓದಿದ್ದಕ್ಕಿಂತ ಈ ಐದು ಗೊಂಬೆಗಳಲ್ಲಿ ಓದಿದ್ದೇ ಹೆಚ್ಚು. ಎತ್ತು ಉಳುಮೆಗೆ ಗುರುತಾದರೆ, ಜೋಕುಮಾರ ಫಲಕ್ಕೆ ಗುರುತು. ಈ ಸಾಲಿನಲ್ಲಿ ಅವನೇ ಕೊನೆಯವನು. ಅವನ ಆಯುಷ್ಯ ಏಳೇ ದಿನ.

ಮಣ್ಣು ತರುವಲ್ಲಿಂದಲೇ ಕೆಲಸ ಶುರು. ಹಳ್ಳದ ದಂಡೆಯ ಜಿಗುಟು ಮಣ್ಣನ್ನೇ ಅಗೆಯಬೇಕು. ಮರಳು ಬೆರೆತದ್ದು ಆಗದು. ಕಲ್ಲು, ಬೇರು ಆರಿಸಿ, ನೀರು ಹಾಕಿ ನೆನೆಸಿ, ಬಿರಿಯದಿರಲೆಂದು ಹತ್ತಿಯ ಎಳೆ ಸೇರಿಸಿ ಮಿದಿಯುತ್ತಾರೆ. ಕೆಲವು ಊರುಗಳಲ್ಲಿ ಇದು ಕುಂಬಾರರ ಕೆಲಸ, ಕೆಲವು ಊರುಗಳಲ್ಲಿ ಬಡಿಗೇರರದು. ನಾನು ಕುಳಿತು ನೋಡಿದ್ದು ಘಟಪ್ರಭೆಯ ದಂಡೆಯ ಒಂದು ಹಳ್ಳಿಯ ಕುಂಬಾರರ ಪಡಸಾಲೆಯಲ್ಲಿ. ಚೌತಿಯ ಗಣಪತಿಗಳೆಲ್ಲ ಮನೆಮನೆಗೆ ಹೋಗಿಯಾಗಿತ್ತು. ಉಳಿದ ಬಣ್ಣದ ಕುಡಿಕೆಗಳು ಮೂಲೆಯಲ್ಲಿದ್ದವು. ಕುಂಬಾರರ ಹಿರಿಯ ಅವನ್ನು ಮುಟ್ಟಲಿಲ್ಲ. ಜೋಕುಮಾರನಿಗೆ ಬಣ್ಣದ ಹಂಗಿಲ್ಲ. ಸುಣ್ಣದ ಬಿಳುಪು, ಕಾಡಿಗೆಯ ಕಪ್ಪು, ಅಷ್ಟೆ.

ಗಣಪತಿಯನ್ನು ಮಾಡುವಾಗ ಅಚ್ಚು ಬಳಸಿದ ಕೈ ಇಲ್ಲಿ ಅಚ್ಚನ್ನು ಬಿಟ್ಟಿತು. ಒಂದು ಗೇಣಿಗೆ ತುಸು ಮಿಗಿಲಾದ ಮುಂಡ, ಅದರ ಮೇಲೆ ಅಳತೆ ಮೀರಿದ ತಲೆ, ತಲೆಗೆ ರುಮಾಲು. ಕಣ್ಣು ಎಷ್ಟು ದೊಡ್ಡದೋ ಬಾಯಿ ಅಷ್ಟೇ ದೊಡ್ಡದು. ಬಾಯಿಯನ್ನು ತೆರೆದೇ ಬಿಡಬೇಕು, ಏಕೆಂದರೆ ಊರಿನ ಬೆಣ್ಣೆಯೆಲ್ಲ ಅಲ್ಲಿಗೆ ಬರತಕ್ಕದ್ದು. ಕೈಯಲ್ಲಿ ಕತ್ತಿ. ಗಂಡಸುತನದ ಗುರುತನ್ನು ಮುಚ್ಚುಮರೆಯಿಲ್ಲದೆ ಮಾಡುತ್ತಾರೆ. ಮಾಡುವವನಿಗೆ ಸಂಕೋಚವಿಲ್ಲ, ಸುತ್ತ ಕುಳಿತ ಹೆಂಗಸರಿಗೂ ಇಲ್ಲ. ಪೇಟೆಯಿಂದ ಹೋದ ನಮ್ಮಂಥವರು ಮಾತ್ರ ಬೇರೆ ಕಡೆ ನೋಡುತ್ತೇವೆ. ಬೀಜ, ನೆಲ, ಗರ್ಭ ಎಂಬ ಮಾತುಗಳು ಅವರಿಗೆ ಒಂದೇ ಕುಟುಂಬದ ಮಾತುಗಳು. ಮೂರ್ತಿಯನ್ನು ಸುಡುವುದಿಲ್ಲ. ಸುಟ್ಟರೆ ಗಟ್ಟಿಯಾಗುತ್ತದೆ. ಕರಗಿ ಹೋಗಬೇಕಾದವನು ಗಟ್ಟಿಯಾಗಬಾರದು.

ಇತ್ತ ಅಂಬಿಗರ ಮನೆಯಲ್ಲಿ ಇನ್ನೊಂದು ಸಿದ್ಧತೆ. ಜೋಕುಮಾರನನ್ನು ಹೊರುವ ಹಕ್ಕು ಎಲ್ಲರಿಗಿಲ್ಲ. ಅಂಬಿಗರು, ಬಾರಕೇರರು, ತಳವಾರರು, ಹೀಗೆ ಊರಿನಿಂದ ಊರಿಗೆ ಬೇರೆ ಬೇರೆ ಮನೆತನದ ಹೆಂಗಸರು ಆ ಹಕ್ಕನ್ನು ಪಡೆದಿದ್ದಾರೆ. ಬಿದಿರಿನ ಬುಟ್ಟಿಯನ್ನು ತೊಳೆದು, ಅದರ ತುಂಬ ಬೇವಿನ ಸೊಪ್ಪು ಹಾಸಿ, ನಡುವೆ ಅವನನ್ನು ಕೂಡಿಸುವ ಜಾಗ ಮಾಡುತ್ತಾರೆ. ಅನಂತರ ಹಾಡಿನ ಲೆಕ್ಕಾಚಾರ. ಯಾರು ಮುಂದೆ ಹೇಳಬೇಕು, ಯಾರು ಹಿಂದೆ ಸೊಲ್ಲು ಹಿಡಿಯಬೇಕು, ಮಕ್ಕಳಿಲ್ಲದ ಮನೆಯ ಮುಂದೆ ಯಾವ ಹಾಡು, ಮೊದಲ ಮಳೆ ತಪ್ಪಿದ ವರ್ಷ ಯಾವ ಹಾಡು, ಎಲ್ಲವನ್ನೂ ಹಿರಿಯಳೊಬ್ಬಳು ಗೊತ್ತುಮಾಡುತ್ತಾಳೆ. ಅವಳ ಬಳಿ ಬರೆದ ಪುಸ್ತಕವಿಲ್ಲ. ಕಾಳು ಆರಿಸುತ್ತ ಆಕೆ ಒಂದು ಸಾಲು ಎತ್ತುತ್ತಾಳೆ. ಸೊಸೆ ಅದನ್ನು ಹಿಡಿಯದಿದ್ದರೆ ಮತ್ತೆ ಎತ್ತುತ್ತಾಳೆ. ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಸಂಕಲನವನ್ನು ಹೊರತಂದಾಗ ನಮ್ಮ ಸಾಹಿತ್ಯಲೋಕ ಬೆರಗಾಯಿತು. ಆ ಬೆರಗಿನ ಮೂಲ ಇಂಥ ಪಡಸಾಲೆಗಳಲ್ಲಿ ಇಂಥ ಅಭ್ಯಾಸದಲ್ಲಿ ಇತ್ತು. ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ ಹುಟ್ಟಿದ ಆನಂದಕಂದರು, ಎಂದರೆ ಬೆಟಗೇರಿ ಕೃಷ್ಣಶರ್ಮರು, ತಮ್ಮ ಕವಿತೆಗೆ ಹಳ್ಳಿಯ ನುಡಿಯನ್ನು ತಂದುಕೊಂಡದ್ದೂ ಇದೇ ನೆಲದಿಂದ.

ಮನೆಮನೆಯಲ್ಲಿ ಮೂರನೆಯ ಸಿದ್ಧತೆ. ಬುಟ್ಟಿ ಬಾಗಿಲಿಗೆ ಬಂದಾಗ ಬರಿಗೈಯಲ್ಲಿ ನಿಲ್ಲಬಾರದು. ಮರದ ತುಂಬ ಜೋಳ, ಅದರ ಮೇಲೆ ಉಪ್ಪು, ಒಣಮೆಣಸಿನಕಾಯಿ, ಬಾಯಿಗೆ ಬೆಣ್ಣೆ. ಹೆಂಗಸರು ಬುಟ್ಟಿಯನ್ನು ಅಂಗಳದಲ್ಲಿ ಇಳಿಸಿ ಸುತ್ತುವರಿದು ಹಾಡುತ್ತಾರೆ. ಪಡೆದುದಕ್ಕೆ ಪ್ರತಿಯಾಗಿ ಬೇವಿನ ಎಲೆ, ಕಾಡಿಗೆ, ಒಂದಿಷ್ಟು ನುಚ್ಚು ಕೊಡುತ್ತಾರೆ. ಅದನ್ನು ರೈತ ಜೋಪಾನವಾಗಿ ತೆಗೆದಿರಿಸಿ, ಹುಣ್ಣಿಮೆಯ ದಿನ ಅಂಬಲಿಯಲ್ಲಿ ಬೆರೆಸಿ ಹೊಲದ ಸುತ್ತ ಚರಗ ಚೆಲ್ಲುತ್ತಾನೆ. ಪೈರಿಗೆ ಹುಳ ಬೀಳದಿರಲಿ, ತೆನೆ ತುಂಬಲಿ ಎಂಬ ಹಾರೈಕೆ ಅದು. ಗಮನಿಸಿ: ಭಿಕ್ಷೆ ನೀಡಿದ ಮನೆ ಭಿಕ್ಷೆ ಪಡೆದವಳಿಂದ ತನ್ನ ಹೊಲದ ರಕ್ಷೆಯನ್ನು ಬೇಡಿ ಪಡೆಯುತ್ತದೆ. ಆ ಏಳು ದಿನದ ಮಟ್ಟಿಗೆ ಕೊಡುವವರಾರು, ಬೇಡುವವರಾರು ಎಂದು ಹೇಳುವುದು ಕಷ್ಟ.

ನಾಲ್ಕನೆಯ ಸಿದ್ಧತೆ ಮಡಿವಾಳರ ಕೇರಿಯದು. ಅದು ಸಾವಿನ ಸಿದ್ಧತೆ. ಜೋಕುಮಾರ ಏಳು ಊರು ತಿರುಗುತ್ತಾನೆ, ಮೆರೆಯುತ್ತಾನೆ, ಪರರ ಹೆಣ್ಣಿಗೆ ಕಣ್ಣು ಹಾಕುತ್ತಾನೆ, ಕೊಲೆಯಾಗುತ್ತಾನೆ. ಕಥೆಯ ಎಳೆ ಊರೂರಿಗೆ ಬದಲಾದರೂ ಮುಕ್ತಾಯ ಇದೇ. ಹುಣ್ಣಿಮೆಯ ರಾತ್ರಿ ಒನಕೆಯಿಂದ ಅವನ ತಲೆ ಒಡೆದು, ಮೂರ್ತಿಯನ್ನು ಮಡಿವಾಳರ ಒಗೆಯುವ ಕಲ್ಲಿನ ಬುಡಕ್ಕೆ ಹಾಕುತ್ತಾರೆ. ಅನಂತರ ಮೂರು ದಿನ ಅಲ್ಲಿ ಬಟ್ಟೆ ಒಗೆಯುವುದಿಲ್ಲ. ಅವನ ನರಳಾಟ ಕಿವಿಗೆ ಬೀಳಬಾರದೆಂಬ ನಂಬಿಕೆ. ಆದ್ದರಿಂದ ಹುಣ್ಣಿಮೆಗೆ ಮೊದಲೇ ಊರಿನ ಬಟ್ಟೆಯನ್ನೆಲ್ಲ ಒಗೆದು ಮುಗಿಸುವ ಧಾವಂತ ಅವರದು. ಇಡೀ ಊರು ಹುಟ್ಟಿಗೆ ಅಣಿಯಾಗುತ್ತಿರುವಾಗ ಒಂದು ಕೇರಿ ಮಾತ್ರ ಮೌನವಾಗಿ ಸೂತಕಕ್ಕೆ ಅಣಿಯಾಗುತ್ತಿರುತ್ತದೆ.

ಕೆಡಹುವುದಕ್ಕಾಗಿಯೇ ಕಟ್ಟುವುದು ನಮ್ಮ ನೆಲದ್ದೊಂದೇ ರೂಢಿಯಲ್ಲ. ಇಂಡೋನೇಷ್ಯದ ಬಾಲಿ ದ್ವೀಪದ ಹಿಂದೂಗಳು ನಮ್ಮ ಯುಗಾದಿಯ ಆಸುಪಾಸಿನಲ್ಲೇ 'ನ್ಯೆಪಿ' ಎಂಬ ಹೊಸವರ್ಷವನ್ನು ಆಚರಿಸುತ್ತಾರೆ. ಅವರು ಎಣಿಸುವುದೂ ನಾವು ಎಣಿಸುವ ಶಕವರ್ಷವನ್ನೇ. 2025ರಲ್ಲಿ ಇಬ್ಬರಿಗೂ ಶಕ 1947 ಆರಂಭವಾಯಿತು. ನ್ಯೆಪಿಗೆ ವಾರಗಳ ಮುಂಚಿನಿಂದಲೇ ಅಲ್ಲಿಯ ಒಂದೊಂದು ಕೇರಿಯ ತರುಣರು ಸೇರಿ ಬಿದಿರು, ಕಾಗದಗಳಿಂದ 'ಓಗೊ ಓಗೊ' ಎಂಬ ಭೂತಾಕೃತಿಗಳನ್ನು ಕಟ್ಟುತ್ತಾರೆ. 1980ರ ದಶಕದಲ್ಲಿ ವ್ಯಾಪಕವಾಗಿ ಹಬ್ಬಿದ ಪದ್ಧತಿ ಇದು. ಹಿಂದಿನ ಸಂಜೆ ಅವನ್ನು ಹೊತ್ತು ಮೆರೆಸಿ, ಚೌಕಗಳಲ್ಲಿ ತಿರುಗಿಸಿ, ಕೊನೆಗೆ ಸುಡುವುದು ವಾಡಿಕೆ. ಮರುದಿನ ದ್ವೀಪವೆಲ್ಲ ಮೌನ. ದೀಪವಿಲ್ಲ, ಸಂಚಾರವಿಲ್ಲ, ವಿಮಾನ ನಿಲ್ದಾಣವೂ ಮುಚ್ಚಿರುತ್ತದೆ. ಅಲ್ಲಿ ಗದ್ದಲದ ಮೇಲೆ ಒಂದು ದಿನದ ಮೌನ, ಇಲ್ಲಿ ಹಾಡಿನ ಮೇಲೆ ಒಗೆಯುವ ಕಲ್ಲಿನ ಮೂರು ದಿನದ ಮೌನ. ವಾರಗಟ್ಟಲೆ ದುಡಿದು ಮಾಡಿದ್ದನ್ನು ತಾನೇ ಇಲ್ಲವಾಗಿಸುವ ಧೈರ್ಯ ಎರಡೂ ಕಡೆ ಒಂದೇ. ವ್ಯತ್ಯಾಸವೂ ಉಂಟು. ಬಾಲಿಯವರು ಸುಡುವುದು ಕೇಡಿನ ರೂಪವನ್ನು; ನಮ್ಮವರು ಕೊಲ್ಲುವುದು ತಾವು ಏಳು ದಿನ ಬೆಣ್ಣೆ ತಿನ್ನಿಸಿದ ಮಗನನ್ನು.

ಪಾಶ್ಚಾತ್ಯ ವಿದ್ವಾಂಸರು ಇಂಥ ದೇವತೆಗಳ ವಿಷಯದಲ್ಲಿ ಬಹಳ ಬರೆದಿದ್ದಾರೆ. ಜೇಮ್ಸ್ ಫ್ರೇಜರ್ 1890ರಲ್ಲಿ ಮೊದಲಿಗೆ ಪ್ರಕಟಿಸಿದ 'ದಿ ಗೋಲ್ಡನ್ ಬೋ' ಗ್ರಂಥದಲ್ಲಿ ಸತ್ತು ಹುಟ್ಟುವ ಸಸ್ಯದೇವತೆಗಳ ವಿಚಾರವಿದೆ. ಗ್ರೀಕರ ಅಡೋನಿಸ್, ಈಜಿಪ್ಟಿನ ಒಸಿರಿಸ್ ಅವರ ಸಾಲಿನಲ್ಲಿ ನಮ್ಮ ಜೋಕುಮಾರನನ್ನೂ ಕೂಡಿಸಬಹುದು. ಬೀಜ ಮಣ್ಣಿನಲ್ಲಿ ಕೊಳೆತಲ್ಲದೆ ಮೊಳೆಯದು ಎಂಬ ಅರ್ಥ ಅವನಿಗೂ ಹೊಂದುತ್ತದೆ. ಆದರೆ ಬುಟ್ಟಿ ಹೊರುವ ಹೆಂಗಸರು ಹೇಳುವ ಅರ್ಥ ಇದಕ್ಕಿಂತ ಬೇರೆ. ನನಗೆ ಅದೇ ಹೆಚ್ಚು ಆಳವಾಗಿ ತೋರಿತು.

ಅವರ ಪ್ರಕಾರ ಗಣಪತಿ, ಜೋಕುಮಾರ ಇಬ್ಬರೂ ಭೂಲೋಕದ ಸುದ್ದಿ ತರಲು ಬಂದವರು. ಗಣಪತಿ ಕಡುಬು ಹೋಳಿಗೆ ಉಂಡು, ಕೈಲಾಸಕ್ಕೆ ಮರಳಿ, ಜನರೆಲ್ಲ ಸುಖವಾಗಿದ್ದಾರೆಂದು ವರದಿ ಒಪ್ಪಿಸುತ್ತಾನೆ. ಜೋಕುಮಾರ ಓಣಿ ಓಣಿ ತಿರುಗಿ, ಬೆಳೆ ಒಣಗಿದ್ದನ್ನೂ ಕಣಜ ಬರಿದಾದದ್ದನ್ನೂ ಕಂಡು, ಸತ್ತು ಹೋಗಿ ನಿಜ ಹೇಳುತ್ತಾನೆ. ಆಗ ಮಳೆ ಬರುತ್ತದೆ. ಹಾಡು ಹೇಳಿಕೊಡುತ್ತಿದ್ದ ಹಿರಿಯಳನ್ನು, ಹಾಗಾದರೆ ಗಣಪ್ಪ ಸುಳ್ಳು ಹೇಳಿದನೇ ಎಂದು ಕೇಳಿದೆ. ಆಕೆ ನಕ್ಕಳು. "ಸುಳ್ಳ ಯಾಕ ಹೇಳ್ತಾನ್ರಿ ಅಣ್ಣಾರ? ಗಣಪ್ಪ ಮನಿ ನೋಡಿ ಹೋದಾ. ಇಂವಾ ಹೊಲ ನೋಡಿ ಹೋಗ್ತಾನ" ಎಂದಳು. ಹಬ್ಬದ ದಿನ ಯಾವ ಮನೆಯೂ ತನ್ನ ಬಡತನವನ್ನು ಅತಿಥಿಗೆ ತೋರಿಸುವುದಿಲ್ಲ. ಅಡಿಗೆಮನೆಯನ್ನು ನೋಡಿ ಹೋದವನ ವರದಿ ಒಂದು, ಹೊಲವನ್ನು ನೋಡಿ ಹೋದವನ ವರದಿ ಇನ್ನೊಂದು. ಮೇಲಿನವರಿಗೆ ಸುಖದ ವರದಿ ಬೇಗ ತಲಪುತ್ತದೆ. ಕಷ್ಟದ ವರದಿ ತಲಪಬೇಕಾದರೆ ಒಬ್ಬ ಪ್ರಾಣ ಕೊಡಬೇಕಾಗುತ್ತದೆ. ನಮ್ಮ ಹಳ್ಳಿಯ ಹೆಣ್ಣುಮಕ್ಕಳು ಎಂದೋ ಕಂಡುಕೊಂಡ ಈ ಮಾತನ್ನು ಇಂದಿನ ಯಾವ ರಾಜ್ಯಶಾಸ್ತ್ರದ ಗ್ರಂಥ ಸುಳ್ಳೆನ್ನಬಲ್ಲದು?

ಕಾಲದ ಹೊಂದಿಕೆಯನ್ನೂ ನೋಡಬೇಕು. ಜೋಕುಮಾರನ ಹುಣ್ಣಿಮೆ ಬರುವುದು ಸೆಪ್ಟೆಂಬರಿನಲ್ಲಿ, ಹೆಚ್ಚೆಂದರೆ ಅದರ ಹಿಂದುಮುಂದಿನ ದಿನಗಳಲ್ಲಿ. ಹುಬ್ಬಿ, ಉತ್ತರಿ, ಹಸ್ತಿ ಮಳೆಗಳ ಕಾಲ ಅದು. ಮುಂಗಾರಿಯ ಹೆಸರು ಕೈಗೆ ಬಂದಿರುತ್ತದೆ; ಹಿಂಗಾರಿಯ ಬಿಳಿಜೋಳದ ಬಿತ್ತನೆ ಮುಂದಿರುತ್ತದೆ. ಎರೆಹೊಲದಲ್ಲಿ ಆಗ ತೇವ ನಿಂತರೆ ವರ್ಷದ ರೊಟ್ಟಿ, ನಿಲ್ಲದಿದ್ದರೆ ಉಪವಾಸ. ವರ್ಷದಲ್ಲಿ ಮಳೆಯನ್ನು ಬೇಡಲೇಬೇಕಾದ ವಾರ ಯಾವುದೋ ಆ ವಾರಕ್ಕೇ ಈ ದೇವರು ಹುಟ್ಟುತ್ತಾನೆ. 2023ರ ಸೆಪ್ಟೆಂಬರಿನಲ್ಲಿ ಗಣಪತಿ ಬರುವ ಮೊದಲೇ ರಾಜ್ಯ ಸರ್ಕಾರ 195 ತಾಲೂಕುಗಳನ್ನು ಬರಪೀಡಿತವೆಂದು ಘೋಷಿಸಿತ್ತು. ಆ ವರ್ಷ ಜೋಕುಮಾರನ ಕೆಲಸ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕೆ ನಾಲ್ಕು ವರ್ಷ ಹಿಂದೆ, 2019ರ ಆಗಸ್ಟಿನಲ್ಲಿ, ಘಟಪ್ರಭೆ ಉಕ್ಕಿ ಗೋಕಾಕ ಪಟ್ಟಣದೊಳಕ್ಕೇ ನುಗ್ಗಿತ್ತು. ಆ ಸೆಪ್ಟೆಂಬರಿನ ಹುಣ್ಣಿಮೆಗೆ ಅವನು ಹೊತ್ತೊಯ್ಯಬೇಕಾದ ವರದಿಯೇ ಬೇರೆ. ಮಳೆ ಹೆಚ್ಚಾದರೂ ಕಷ್ಟ ಕಷ್ಟವೇ.

ಈ ಕಥೆಯ ಬಿಸಿ ನಮ್ಮ ಆಧುನಿಕ ಸಾಹಿತ್ಯಕ್ಕೂ ತಟ್ಟಿದೆ. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು 1972ರಲ್ಲಿ 'ಜೋಕುಮಾರಸ್ವಾಮಿ' ನಾಟಕವನ್ನು ಕೊಟ್ಟರು, ಬಿ. ವಿ. ಕಾರಂತರು ಅದನ್ನು ರಂಗಕ್ಕೆ ತಂದರು. ಮಕ್ಕಳಿಲ್ಲದ ಗೌಡತಿ ಗಂಡನಿಗಾಗಿ ಸಿದ್ಧಪಡಿಸಿದ ಜೋಕುಮಾರನ ಪಲ್ಯ ಉಳುವ ಬಸಣ್ಣನ ಪಾಲಾಗುತ್ತದೆ. ಕೊನೆಗೆ ಬಸಣ್ಣ ಕೊಲೆಯಾಗುತ್ತಾನೆ. ನೆಲ ಯಾರದು, ಹೆಸರಿಗೆ ಒಡೆಯನಾದವನದೋ ಬೆವರು ಸುರಿಸಿದವನದೋ ಎಂಬ ಪ್ರಶ್ನೆಯನ್ನು ಆ ನಾಟಕ ಹಳೆಯ ಆಚರಣೆಯ ಬಾಯಿಂದಲೇ ಕೇಳಿಸಿತು. ಉಳುವವನಿಗೇ ಭೂಮಿ ಎಂಬ ಭೂಸುಧಾರಣೆಯ ತಿದ್ದುಪಡಿ ನಮ್ಮ ರಾಜ್ಯದಲ್ಲಿ ಜಾರಿಗೆ ಬಂದದ್ದು 1974ರಲ್ಲಿ. ಹಬ್ಬವೊಂದರ ಒಳಗೆ ಎಂಥ ಕೆಂಡವಿರುತ್ತದೆ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಈಗ ಈ ಸಿದ್ಧತೆ ಎಲ್ಲ ಊರಿನಲ್ಲಿ ನಡೆಯುತ್ತಿಲ್ಲ. ಗಣಪತಿಗೆ ಪೆಂಡಾಲು, ವಂತಿಗೆ, ವಿದ್ಯುದ್ದೀಪಗಳ ಬಲವಿದೆ. 1893ರಲ್ಲಿ ಪುಣೆಯಲ್ಲಿ ಲೋಕಮಾನ್ಯ ತಿಲಕರು ಸಾರ್ವಜನಿಕ ರೂಪ ಕೊಟ್ಟ ಉತ್ಸವ ನಮ್ಮ ಗಡಿಜಿಲ್ಲೆಯಲ್ಲಿ ಬೇರೂರಿ ಬೆಳೆದಿದೆ. ಜೋಕುಮಾರನಿಗೆ ಸಮಿತಿಯಿಲ್ಲ, ಅಧ್ಯಕ್ಷರಿಲ್ಲ. ಕಾಲುವೆಯ ನೀರು ಬಂದ ಕಡೆ ಜೋಳದ ಹೊಲ ಕಬ್ಬಿನ ಹೊಲವಾಯಿತು. ಮರದ ತುಂಬ ಜೋಳ ನೀಡುತ್ತಿದ್ದ ಮನೆ ಈಗ ಹತ್ತು ರೂಪಾಯಿ ನೋಟು ನೀಡುತ್ತದೆ. ನೋಟನ್ನು ತೆಗೆದುಕೊಂಡಾಗ ಕೊಡುಕೊಳ್ಳುವಿಕೆಯ ಆ ಹಳೆಯ ಸಮತೂಕ ತಪ್ಪುತ್ತದೆ. ಜೋಳವನ್ನು ಪಡೆದವಳು ರಕ್ಷೆಯನ್ನು ಕೊಟ್ಟವಳಾಗಿದ್ದಳು. ನೋಟನ್ನು ಪಡೆದವಳು ಬರಿಯ ಭಿಕ್ಷುಕಿಯಾಗಿ ಕಾಣುತ್ತಾಳೆ.

ಇಲ್ಲಿಯೇ ನಾವು ತುಸು ತಡೆದು ಯೋಚಿಸಬೇಕು. ಆ ಹಿರಿಯಳ ಮೊಮ್ಮಗಳು ಕಾಲೇಜಿಗೆ ಹೋಗುತ್ತಾಳೆ. ಹಾಡೆಲ್ಲ ಅವಳಿಗೆ ಬರುತ್ತವೆ. ಬುಟ್ಟಿಯನ್ನು ಮಾತ್ರ ಹೊರಲಾರೆ ಎನ್ನುತ್ತಾಳೆ. "ಗೆಳತ್ಯಾರ ಮನಿ ಮುಂದ ಹೋಗಿ ಹ್ಯಾಂಗ ನಿಲ್ಲಲಿ, ಆಯೀ?" ಎಂದು ಅವಳು ಅಜ್ಜಿಯನ್ನು ಕೇಳಿದ್ದನ್ನು ನಾನು ಕೇಳಿದೆ. ಅಜ್ಜಿ ಉತ್ತರಿಸಲಿಲ್ಲ, ಗದರಲೂ ಇಲ್ಲ. ಪಟ್ಟಣದಲ್ಲಿ ಕುಳಿತು ಜಾನಪದ ಅಳಿಯುತ್ತಿದೆ ಎಂದು ಮರುಗುವ ನಾವು ಈ ಹುಡುಗಿಗೆ ಏನೆಂದು ಹೇಳೋಣ? ನಮ್ಮ ಸಂತೋಷಕ್ಕಾಗಿ ನೀನು ಬುಟ್ಟಿ ಹೊರು ಎನ್ನಲು ನಮಗೆ ಯಾವ ಅಧಿಕಾರವಿದೆ? ಹುಟ್ಟಿನಿಂದ ಬಂದ ಹಕ್ಕು ಹುಟ್ಟಿನಿಂದ ಬಂದ ಹೊರೆಯೂ ಹೌದು. ಒಗೆಯುವ ಕಲ್ಲಿನ ಬುಡದಲ್ಲಿ ಸಾವನ್ನು ಇರಿಸಿಕೊಂಡ ಮಡಿವಾಳರ ಕೇರಿಯೂ ಇದನ್ನೇ ಕೇಳಬಹುದು. ಹಬ್ಬದ ಚೆಲುವನ್ನು ಹೊಗಳುವವರು ಹಬ್ಬದ ಭಾರ ಯಾರ ತಲೆಯ ಮೇಲಿದೆ ಎಂಬುದನ್ನೂ ನೋಡತಕ್ಕದ್ದು.

ಹಾಗೆಂದು ಎಲ್ಲ ಮುಗಿಯಿತೆಂದು ನಾನು ಹೇಳಲಾರೆ. ಹಾಡು ಬೇರೆ, ಹೊರೆ ಬೇರೆ ಎಂದು ಆ ಹುಡುಗಿ ಬಿಡಿಸಿ ನೋಡಿದ್ದಾಳೆ. ಹೊರೆಯನ್ನು ಇಳಿಸಿಯೂ ಹಾಡನ್ನು ಉಳಿಸಿಕೊಳ್ಳುವ ದಾರಿ ಇದೆಯೆ ಎಂಬುದು ಅವಳ ತಲೆಮಾರಿನ ಮುಂದಿರುವ ಪ್ರಶ್ನೆ. ಆ ಹಾಡುಗಳನ್ನು ಶಾಲೆಯಲ್ಲಿ ಎಲ್ಲ ಕೇರಿಯ ಮಕ್ಕಳೂ ಕಲಿಯಬಹುದು. ಆ ಮಣ್ಣನ್ನು ಎಲ್ಲ ಕೈಗಳೂ ಮಿದಿಯಬಹುದು. ಬುಟ್ಟಿಯನ್ನು ಗೌಡರ ಮನೆಯ ಸೊಸೆಯೂ ಒಂದು ಓಣಿಯಷ್ಟು ಹೊರಬಹುದು. ಹಾಗಾದ ದಿನ ಬೇಡುವುದೂ ನೀಡುವುದೂ ಮತ್ತೆ ಸರಿಸಮವಾದಾವು. ಆಚರಣೆಗಳು ಬದಲಾಗುತ್ತಲೇ ಬಂದಿವೆ. ಬಾಲಿಯ ಓಗೊ ಓಗೊ ಹಬ್ಬಿದ್ದು ನಮ್ಮ ಕಣ್ಣೆದುರಿಗೇ ಅಲ್ಲವೆ?

ಹೊಲದ ನಿಜವನ್ನು ಮೇಲಿನವರಿಗೆ ಮುಟ್ಟಿಸುವವನೊಬ್ಬ ಬೇಕು ಎಂಬ ಅಗತ್ಯವಂತೂ ಬದಲಾಗಿಲ್ಲ. ಘಟಪ್ರಭೆಯ ದಂಡೆಯ ಜನ ಅದಕ್ಕಾಗಿ ವರ್ಷಕ್ಕೊಮ್ಮೆ ಹಳ್ಳದ ಮಣ್ಣು ತಂದು ಒಬ್ಬ ದೂತನನ್ನು ಮಾಡಿಕೊಂಡರು. ಅವನಿಗೆ ದೊಡ್ಡ ಕಣ್ಣಿಟ್ಟದ್ದು ಕಷ್ಟವನ್ನು ಕಾಣಲೆಂದು, ದೊಡ್ಡ ಬಾಯಿಟ್ಟದ್ದು ಕಂಡದ್ದನ್ನು ಹೇಳಲೆಂದು ಎಂದು ನಾನು ತಿಳಿದುಕೊಂಡಿದ್ದೇನೆ. ಆ ಬಾಯಿಗೆ ಬೆಣ್ಣೆ ಸವರುವ ಕೈಗಳು ಈ ಭಾದ್ರಪದದಲ್ಲೂ ಕೆಲವು ಊರುಗಳಲ್ಲಿ ಅಣಿಯಾಗುತ್ತವೆ. ಅವಕಾಶವಿದ್ದವರು ಹೋಗಿ ನೋಡಿ. ಹುಣ್ಣಿಮೆಗೆ ಹೋಗಬೇಡಿ, ಅಷ್ಟಮಿಗೆ ಮುಂಚೆಯೇ ಹೋಗಿ.